ಬಾಯಿಪಾಠವಲ್ಲ, ಬಾಯಲ್ಲೇ ಕಟ್ಟಿದ ಕಾವ್ಯ

ಮಲೆ ಮಾದೇಶ್ವರನ ಕತೆಯನ್ನು ಆ ದೇವರ ಹಾಡುಗಾರರಾದ ದೇವರಗುಡ್ಡರು ಕಂಸಾಳೆ ಎಂಬ ಕಂಚಿನ ತಾಳ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಮುಂದೆ ಪುಸ್ತಕ ಇರುವುದಿಲ್ಲ. ಕೇಳಿದವರು ಮೊದಲು ಅನ್ನುವುದು ಒಂದೇ ಮಾತು: ‘ಇಷ್ಟೆಲ್ಲ ಹೇಗೆ ಬಾಯಿಪಾಠ ಮಾಡ್ತಾರಪ್ಪ!’ ಪಂಡಿತರೂ ಬಹಳ ಕಾಲ ಹಾಗೇ ಅಂದುಕೊಂಡಿದ್ದರು.

ಓದದವರ ಕಾವ್ಯ ಕನ್ನಡಕ್ಕೆ ಹೊಸದೇನಲ್ಲ. ಸುಮಾರು 850ರ ಕವಿರಾಜಮಾರ್ಗವೇ ಈ ನಾಡಿನ ಜನರನ್ನು ‘ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್’ ಎಂದು ಹೊಗಳಿದೆ. ಅದಕ್ಕೂ ಹಿಂದೆ, ಸುಮಾರು 700ರ ಹೊತ್ತಿಗೆ, ಬಾದಾಮಿಯ ಬಂಡೆಯ ಮೇಲೆ ಕೊರೆದ ಕಪ್ಪೆ ಅರಭಟ್ಟನ ಶಾಸನದಲ್ಲಿ ತ್ರಿಪದಿ ಸಿಗುತ್ತದೆ. ಬೀಸುಕಲ್ಲಿನ ಮುಂದೆ ಹೆಂಗಸರು ಹಾಡಿಕೊಂಡು ಬಂದದ್ದೂ ಇದೇ ಮೂರು ಸಾಲಿನ ಪದ. ಅದು ಕಲ್ಲಿಗೆ ಹತ್ತುವ ಮೊದಲೇ ಜನರ ಬಾಯಲ್ಲಿ ಪಳಗಿರಬೇಕು, ಅಲ್ವಾ?

ಆಮೇಲೆ ಆಸ್ಥಾನದ ಕವಿಗಳು ಗದ್ಯ ಪದ್ಯ ಬೆರೆತ ಚಂಪೂ ಹಿಡಿದರು. ಅದು ಓದು ಬಲ್ಲವರ ಸೊತ್ತು. ಮುಂದೆ ಹರಿಹರ ರಗಳೆಗೆ, ರಾಘವಾಂಕ ಷಟ್ಪದಿಗೆ ಹೊರಳಿದರು. ಕುಮಾರವ್ಯಾಸನಂತೂ ಹಲಗೆ ಬಳಪ ಹಿಡಿಯಲಿಲ್ಲ, ಇಟ್ಟ ಪದ ಅಳಿಸಲಿಲ್ಲ ಎಂದು ಹೆಮ್ಮೆಪಡುತ್ತಾನೆ. ಹಾಡುಗಾರನ ಹಿರಿಮೆಯನ್ನು ಒಬ್ಬ ಮಹಾಕವಿ ತನಗೂ ಬೇಕೆಂದ ಹಾಗಿದೆ ಈ ಮಾತು. ಅಕ್ಷರ ಬಾರದ ಮನೆಗಳಿಗೂ ಅವನ ಭಾರತ ತಲುಪಿದ್ದು ಗಮಕಿಗಳ ದನಿಯಲ್ಲಿ.

ಬಾಯಿಪಾಠದ ನಂಬಿಕೆ ಅಲುಗಾಡಿದ್ದು ಬಹಳ ದೂರದಲ್ಲಿ. 1933ರಿಂದ 1935ರವರೆಗೆ ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ ಯುಗೊಸ್ಲಾವಿಯದ ಹಾಡುಗಾರರನ್ನು ಅಲ್ಯೂಮಿನಿಯಂ ತಟ್ಟೆಗಳ ಮೇಲೆ ಧ್ವನಿಮುದ್ರಿಸಿದ. ‘ಪ್ರತಿ ಸಲವೂ ಒಂದಕ್ಷರ ಬಿಡದೆ ಅದನ್ನೇ ಹಾಡುತ್ತೇವೆ’ ಎಂದು ಅವರು ಆಣೆ ಮಾಡಿದಂತೆ ಹೇಳುತ್ತಿದ್ದರು. ಹೋಲಿಸಿ ನೋಡಿದರೆ ಹಾಡು ಪ್ರತಿ ಸಲವೂ ಬೇರೆ. ಸುಳ್ಳೇನೂ ಹೇಳಿರಲಿಲ್ಲ. ಅವರ ಪಾಲಿಗೆ ಕತೆ ಒಂದೇ. ಹಾಡಿನ ಧಾಟಿಗೆ ಕೂಡುವ ಸಿದ್ಧ ಮಾತುಗಳು ನಾಲಿಗೆಯಲ್ಲಿ ಇರುತ್ತಿದ್ದವು, ಉಳಿದದ್ದನ್ನು ಅಲ್ಲೇ ಕಟ್ಟುತ್ತಿದ್ದರು.

ಮಾದಪ್ಪನ, ಅಂದರೆ ಮಾದೇಶ್ವರನ, ಕಾವ್ಯದಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. ಈ ಕಾವ್ಯದ ಭಾಗಗಳಿಗೆ ‘ಸಾಲು’ ಎನ್ನುತ್ತಾರೆ. ಸಂಕಮ್ಮನ ಸಾಲಿನಲ್ಲಿ ಕಾಡಿಗೆ ಹೊರಟ ನೀಲೇಗೌಡ ಹೆಂಡತಿಯನ್ನು ಆಣೆ ಭಾಷೆ ಕೊಡು ಅಂತ ಹಿಡಿಯುತ್ತಾನೆ. ಆಕೆ ಒಲ್ಲೆ ಅನ್ನುತ್ತಾಳೆ. ಮಾತಿನಲ್ಲಿ ಹೇಳಿದರೆ ಇಷ್ಟೇ. ಹಾಡಿನಲ್ಲಿ ಆತ ಕೇಳುತ್ತಾನೆ, ಆಕೆ ಅಂಗಲಾಚುತ್ತಾಳೆ, ಆತ ಮತ್ತೆ ಕೇಳುತ್ತಾನೆ. ಪ್ರತಿ ಸುತ್ತಿನಲ್ಲೂ ಬದಲಾಗುವುದು ಒಂದೆರಡು ಮಾತು. ಹಿಮ್ಮೇಳದವರು ಸೊಲ್ಲು ಎತ್ತಿಕೊಂಡಾಗ ಮುಂದೆ ಹಾಡುವವನಿಗೆ ಒಂದು ಉಸಿರಿನಷ್ಟು ಬಿಡುವು ಸಿಗುತ್ತದೆ. ಮುಂದಿನದನ್ನು ಕಟ್ಟಲು ಅಷ್ಟು ಸಾಕು. ಸುಮ್ನೆ ಹೇಳಿದ್ದನ್ನೇ ಹೇಳ್ತಾರೆ ಅಂತ ಓದುಗರು ಬೇಸರಪಡುವ ಜಾಗವೇ ಹಾಡುವವನ ಕೆಲಸದ ಜಾಗ. ಸಂಕಟ ಕೇಳುವವರ ಎದೆಗೆ ಇಳಿಯುವುದೂ ಅಲ್ಲೇ.

ತುಳುನಾಡಿನಲ್ಲಿ ಇದಕ್ಕೆ ದೊಡ್ಡ ದಾಖಲೆಯೇ ಇದೆ. ಮಾಚಾರಿನ ರೈತ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಹಾಡಿದ ಸಿರಿ ಪಾಡ್ದನವನ್ನು (ಪಾಡ್ದನ ಎಂದರೆ ತುಳುವಿನ ಕತೆಹಾಡು) ಫಿನ್ಲೆಂಡಿನ ಲೌರಿ ಹೊಂಕೊ ಮತ್ತು ಇಲ್ಲಿನ ವಿದ್ವಾಂಸರು ಸೇರಿ ದಾಖಲಿಸಿದರು. 1998ರಲ್ಲಿ ಅಚ್ಚಾದಾಗ ಅದು 15,683 ಪಂಕ್ತಿ. ಇದೇ ನಾಯ್ಕರು ಕೋಟಿ-ಚೆನ್ನಯರ ಕತೆಯನ್ನು ಆಕಾಶವಾಣಿಗೆ ಕೆಲವೇ ನಿಮಿಷಗಳಲ್ಲಿ ಹಾಡಿ ಮುಗಿಸಿದ್ದರು. ಹೊತ್ತಿನ ಕಟ್ಟು ತೆಗೆದಾಗ ಅದೇ ಕತೆ ಸುಮಾರು 15 ಗಂಟೆ ಹಿಡಿಯಿತು.

ಹಾಗಾದರೆ ಅಚ್ಚಾದ ಪುಸ್ತಕ ಏನು? ಒಬ್ಬರು, ಒಂದು ಹೊತ್ತಿನಲ್ಲಿ, ಎದುರಿಗಿದ್ದವರಿಗಾಗಿ ಹಾಡಿದ್ದರ ಪ್ರತಿ. ಅದಿಲ್ಲದಿದ್ದರೆ ನಮ್ಮಂಥವರಿಗೆ ಈ ಕಾವ್ಯ ಓದಲು ಸಿಗುತ್ತಲೇ ಇರಲಿಲ್ಲ, ನಿಜ. ಆದರೆ ಹಾಡುವವರನ್ನು ತಡೆದು ‘ಪುಸ್ತಕದಲ್ಲಿ ಹೀಗಿಲ್ಲವಲ್ಲ’ ಎನ್ನುವ ಹಕ್ಕು ಅದನ್ನು ಓದಿದವರಿಗೆ ಬರುವುದಿಲ್ಲ.