ಎರಡೂ ಮುಖದಲ್ಲಿ ಸಿಂಹ: ಟಂಕಸಾಲೆಯ ತಪ್ಪೋ, ಸುತ್ತಿಗೆಯ ಕೈಚಳಕವೋ?

ಪ್ರಶ್ನೆ: ಹಳೆಯ ಡಬ್ಬಿಯಲ್ಲಿ ಸಿಕ್ಕ ಒಂದು ರೂಪಾಯಿ ನಾಣ್ಯದ ಎರಡೂ ಮುಖಗಳಲ್ಲಿ ಸಿಂಹಗಳಿವೆ. ಒಂದು ಮುಖದಲ್ಲಿ ಅವು ಒಳಕ್ಕೆ ತಗ್ಗಾಗಿದ್ದು, ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿವೆ. ಇದು ಟಂಕಸಾಲೆಯಲ್ಲೇ ಆದ ತಪ್ಪೇ?

ಉತ್ತರ: ನೀವು ವರ್ಣಿಸಿರುವ ಬಗೆಯ ನಾಣ್ಯಕ್ಕೆ ನಮ್ಮ ಸಂಗ್ರಾಹಕರು 'ಲಖಿ' ಎನ್ನುತ್ತಾರೆ. ಅಚ್ಚೊತ್ತಿದ ನಾಣ್ಯವೊಂದು ಕೆಳಗೆ ಬೀಳದೆ ಒಂದು ಅಚ್ಚಿಗೇ ಅಂಟಿಕೊಂಡುಬಿಟ್ಟರೆ, ಮುಂದೆ ಬಂದ ಖಾಲಿ ಬಿಲ್ಲೆಯ ಒಂದು ಮುಖಕ್ಕೆ ಅಚ್ಚಿನ ಬದಲು ಆ ನಾಣ್ಯವೇ ಬಡಿಯುತ್ತದೆ. ಉಬ್ಬಿದ್ದ ಸಿಂಹ ಅಲ್ಲಿ ತಗ್ಗಾಗಿ, ತಿರುಗಿ ಮೂಡುತ್ತದೆ. ಅಂಟಿದ ನಾಣ್ಯ ಹೊಡೆತ ತಿಂದಷ್ಟೂ ಅಗಲವಾಗುವುದರಿಂದ, ನಂತರದ ಬಿಲ್ಲೆಗಳಲ್ಲಿ ಆ ಚಿತ್ರ ಹಿಗ್ಗಿ ಮಸುಕಾಗುತ್ತ ಹೋಗುತ್ತದೆ.

ಇದನ್ನೇ ಮನೆಯಲ್ಲಿ ಮಾಡುವವರೂ ಇದ್ದಾರೆ. ಎರಡು ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ಸುತ್ತಿಗೆಯಿಂದ ಹೊಡೆದರೆ ಅಥವಾ ವೈಸಿನಲ್ಲಿ ಬಿಗಿದರೆ ತಗ್ಗು ಚಿತ್ರ ಬಂದೇ ಬರುತ್ತದೆ. ಆದರೆ ನಿಜವಾದ ಲಖಿಯ ಆ ಮುಖಕ್ಕೆ ಮೌಲ್ಯದ ಅಂಕೆ, ತೆನೆಗಳನ್ನು ಕೆತ್ತಿದ ಅಚ್ಚು ತಾಗಿಯೇ ಇರುವುದಿಲ್ಲ, ಹೀಗಾಗಿ ಅಲ್ಲಿ '1' ಎಂಬ ಅಂಕೆಯ ಕುರುಹೂ ಇರಲಾರದು. ದೀಪದ ಬೆಳಕು ಓರೆಯಾಗಿ ಬೀಳುವಂತೆ ನಾಣ್ಯವನ್ನು ಹಿಡಿದು ಭೂತಗನ್ನಡಿಯಲ್ಲಿ ನೋಡಿ: ತಗ್ಗು ಸಿಂಹದ ಅಡಿಯಲ್ಲಿ ಅಂಕೆಯ ಏಣೋ ತೆನೆಯ ಗೆರೆಯೋ ಕಂಡರೆ ಅದು ಆಮೇಲೆ ಜಜ್ಜಿದ ನಾಣ್ಯ. ಹಿಂಬದಿಯ ಉಬ್ಬು ಸಿಂಹಗಳು ಚಪ್ಪಟೆಯಾಗಿದ್ದರೂ ಅನುಮಾನಿಸಬೇಕು, ಏಕೆಂದರೆ ಟಂಕಸಾಲೆಯ ಏಟಿನಲ್ಲಿ ಆ ಮುಖ ಚೂಪಾಗಿಯೇ ಮೂಡುತ್ತದೆ.

ಅಂಚು ತುಂಡಾದ ನಾಣ್ಯಕ್ಕೂ ಇದೇ ತರ್ಕ. ಲೋಹದ ಪಟ್ಟಿಯಲ್ಲಿ ಮೊದಲೇ ಕತ್ತರಿಸಿದ ರಂಧ್ರದ ಮೇಲೆ ಮತ್ತೆ ಕತ್ತರಿ ಬಿದ್ದರೆ ಬಿಲ್ಲೆಗೆ ಕಚ್ಚಿದಂಥ ಬಾಗು ಉಳಿಯುತ್ತದೆ. ಅಂಥ ಬಿಲ್ಲೆಗೆ ಅಂಚು ಎಬ್ಬಿಸುವಾಗ ಬಾಗಿನ ಕಡೆ ಒತ್ತಡ ಸಿಗದೆ, ಅದರ ನೇರ ಎದುರಿನ ಅಂಚು ಸಾಮಾನ್ಯವಾಗಿ ಪೇಲವವಾಗಿರುತ್ತದೆ. ಅರದಿಂದ ತಿಕ್ಕಿ ತೆಗೆದ ನಾಣ್ಯದಲ್ಲಿ ಎದುರಿನ ಅಂಚು ದಿಟ್ಟವಾಗಿಯೇ ನಿಂತಿರುತ್ತದೆ, ತಿಕ್ಕಿದ ಕಡೆ ಗೀರುಗಳೂ ಕಾಣುತ್ತವೆ.

ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಗಳ ಸಮಸ್ಯೆ ಬೇರೆ. ಸರಕ್ಕೆ ಪೋಣಿಸಲೆಂದು ಬೆಸೆದ ಕೊಂಡಿಯನ್ನು ಕಿತ್ತ ಗುರುತನ್ನೇ 'ಅಚ್ಚಿನ ದೋಷ'ವೆಂದು ಮಾರುವುದುಂಟು. ಅದು ಬರೀ ಗಾಯ. ಖೋಟಾ ಎಂಬ ಸಂಶಯವಿದ್ದರೆ ಮೊದಲು ತೂಗಿಸಿ. ಆ ರೂಪಾಯಿಯ ತೂಕ ಒಂದು ತೊಲ, ಅಂದರೆ ಸುಮಾರು 11.66 ಗ್ರಾಂ, ಸವೆದದ್ದು ಕೊಂಚ ಕಡಿಮೆ ತೂಗುತ್ತದೆ, ಹೆಚ್ಚು ತೂಗುವುದಕ್ಕೆ ಕಾರಣವಿಲ್ಲ. ಎರಕ ಹೊಯ್ದ ನಕಲಿಯಲ್ಲಿ ಸಣ್ಣ ಗುಳಿಗಳು, ಅಂಚಿನ ಸುತ್ತ ಬೆಸುಗೆಯ ಗೆರೆ ಇರಬಹುದು.

ಇನ್ನು 1818ರ ಇಸವಿ ಹೊತ್ತ, ರಾಮನ ಪಟ್ಟಾಭಿಷೇಕದ ಚಿತ್ರವಿರುವ 'ಈಸ್ಟ್ ಇಂಡಿಯಾ ಕಂಪನಿ'ಯ ತಾಮ್ರದ ಬಿಲ್ಲೆಗಳಲ್ಲಿ ದೋಷ ಹುಡುಕುವ ಶ್ರಮವೇ ಬೇಡ. ಅಂಥ ನಾಣ್ಯವನ್ನು ಕಂಪನಿ ಹೊರಡಿಸಿಯೇ ಇಲ್ಲ.