ಕಡವಾಡದ ಕೋಠಿ: ಕಂಪನಿ ಬಿಟ್ಟುಹೋದ ಕಟ್ಟಡಕ್ಕೆ ಯಾವ ಹೆಸರು?

ಕಾರವಾರ ಪೇಟೆಯಿಂದ ಪೂರ್ವಕ್ಕೆ, ಕಾಳಿ ನದಿಯ ದಂಡೆಯಲ್ಲಿ ಸುಮಾರು ಐದು ಕಿಲೋಮೀಟರು ದೂರಕ್ಕೆ ಕಡವಾಡವಿದೆ. ಹದಿನೇಳನೇ ಶತಮಾನದ ಇಂಗ್ಲಿಷ್ ವ್ಯಾಪಾರಿಗಳು ತಮ್ಮ ಕಾಗದಪತ್ರಗಳಲ್ಲಿ ‘ಕಾರ್ವಾರ್’ ಎಂದು ಬರೆದದ್ದು ಈ ಭಾಗದ ಹಳೆಯ ಬಂದರನ್ನೇ ಹೊರತು ಇಂದಿನ ಕಡಲತೀರದ ಪಟ್ಟಣವನ್ನಲ್ಲ. ಅವರ ಕೋಠಿ, ಅಂದರೆ ಸರಕು ಕೊಂಡು ಕೂಡಿಡುವ ವ್ಯಾಪಾರದ ಮಳಿಗೆ, ಇಲ್ಲಿ ತೆರೆದು, ಮುಚ್ಚಿ, ಮತ್ತೆ ತೆರೆದು ನೂರು ವರ್ಷಕ್ಕೂ ಹೆಚ್ಚು ಕಾಲದ ಚರಿತ್ರೆಯನ್ನು ಕಂಡಿತು. ಆದರೂ ಪುಸ್ತಕಗಳಲ್ಲಿ ಅದಕ್ಕಿರುವುದು ‘ಕಾರವಾರದ ಕೋಠಿ’ ಎಂಬ ವಿವರಣೆ ಮಾತ್ರ.

ಕೋಠಿಯನ್ನು 1638ರಲ್ಲಿ ತೆರೆದದ್ದು ಈಸ್ಟ್ ಇಂಡಿಯಾ ಕಂಪನಿಯಲ್ಲ, ಅದಕ್ಕೆ ಪೈಪೋಟಿಯಾಗಿ ಹುಟ್ಟಿದ ಕೋರ್ಟೀನ್ ಸಂಘ. ಶಿರಸಿ ಬಳಿಯ ಸೋದೆ ಸೀಮೆಯ ಕಾಳುಮೆಣಸಿನ ಖ್ಯಾತಿಯೇ ಅವರನ್ನು ಇಲ್ಲಿಗೆ ಎಳೆದು ತಂದಿತ್ತು. 1660ರ ಹೊತ್ತಿಗೆ ಮೆಣಸು, ಏಲಕ್ಕಿಗಳ ಜೊತೆಗೆ ಹುಬ್ಬಳ್ಳಿಯ ಕಡೆಯಿಂದ ಇಳಿದುಬರುತ್ತಿದ್ದ ನಯವಾದ ಮಸ್ಲಿನ್ ಬಟ್ಟೆ ಮತ್ತು ಡುಂಗರಿ ಎಂಬ ಒರಟು ನೀಲಿ ಬಟ್ಟೆ ಇಲ್ಲಿಂದ ಹಡಗೇರುತ್ತಿದ್ದವು. ಘಟ್ಟದ ಮೇಲೆ ಈ ವ್ಯಾಪಾರಕ್ಕಾಗಿ 50,000 ನೇಕಾರರು ದುಡಿಯುತ್ತಿದ್ದರೆಂದು ಬ್ರಿಟಿಷರ ಕಾಲದ ಗೆಜೆಟಿಯರ್ ಹೇಳುತ್ತದೆ. ಲೆಕ್ಕ ಸ್ವಲ್ಪ ಉಬ್ಬಿರಬಹುದು, ಆದರೆ ಆ ನೇಕಾರರಿಲ್ಲದೆ ಕೋಠಿಗೆ ಅರ್ಥವೇ ಇರಲಿಲ್ಲ. ಅಲ್ಲಿ ಏನನ್ನೂ ತಯಾರಿಸುತ್ತಿರಲಿಲ್ಲ. ಕೊಂಡ ಸರಕನ್ನು ಹಡಗು ಬರುವ ತನಕ ಕಾಯ್ದಿಡುವುದೇ ಮುಖ್ಯ ಕೆಲಸ.

ಕಾಯುವುದು ಸುಲಭವಾಗಿರಲಿಲ್ಲ. 1665ರಲ್ಲಿ ಇಂಗ್ಲಿಷರು ಶಿವಾಜಿಗೆ 112 ಪೌಂಡು ತೆರಬೇಕಾಯಿತು. 1673ರಲ್ಲಿ ಕಾರವಾರದ ಸೇನಾಧಿಕಾರಿಯಾದ ಫೌಜುದಾರನೇ ಕೋಠಿಗೆ ಮುತ್ತಿಗೆ ಹಾಕಿದ. ಮರುವರ್ಷ ಶಿವಾಜಿಯ ಸೈನ್ಯ ಪೇಟೆಯನ್ನು ಸುಟ್ಟಿತಾದರೂ ಕೋಠಿಯನ್ನು ಮುಟ್ಟಲಿಲ್ಲ. 1679ರಲ್ಲಿ ಕದ ಮುಚ್ಚಿತು, 1682ರಲ್ಲಿ ಮೊದಲಿಗಿಂತ ದೊಡ್ಡದಾಗಿ ತೆರೆಯಿತು. ಎರಡೇ ವರ್ಷಕ್ಕೆ ಸಣ್ಣ ಹಡಗೊಂದರ ನಾವಿಕರು ಆಕಳೊಂದನ್ನು ಕದ್ದು ಕೊಂದದ್ದರಿಂದ, ಇಂಗ್ಲಿಷರೆಲ್ಲ ಗಂಟುಮೂಟೆ ಕಟ್ಟಬೇಕಾದ ಪರಿಸ್ಥಿತಿ ಬಂದಿತ್ತು.

ಕೊನೆಗೆ ಕೋಠಿಯನ್ನು ಖಾಲಿ ಮಾಡಿಸಿದ್ದು ಮತ್ತೊಂದು ಕಟ್ಟಡ. 1715ರಲ್ಲಿ ಸೋದೆಯ ಅರಸ ಕಾರವಾರದ ಹಳೆಯ ಕೋಟೆಯನ್ನು ಕೆಡವಿಸಿ, ನದಿಯ ಆಚೆ ದಡದ ಗುಡ್ಡದ ಮೇಲೆ ಹೊಸ ಕೋಟೆ ಕಟ್ಟಿಸಿ ತನ್ನ ತಂದೆಯ ಹೆಸರಿನಲ್ಲಿ ಸದಾಶಿವಗಡವೆಂದು ಕರೆದ. ನದಿಯ ಬಾಯಿ ಈ ಕೋಟೆಯ ಕಣ್ಣಳತೆಗೆ ಸಿಕ್ಕಿದ ಮೇಲೆ ಕೋಠಿಗೆ ನೆಮ್ಮದಿ ಉಳಿಯಲಿಲ್ಲ; 1720ರಲ್ಲಿ ಅದನ್ನು ತೆರವು ಮಾಡಿದರು. ಮತ್ತೆ ತೆರೆಯಲು ಅಪ್ಪಣೆ ಸಿಕ್ಕಿದ್ದು 1750ರಲ್ಲಿ. 1752ರಲ್ಲಿ ಪೋರ್ಚುಗೀಸರು ಸದಾಶಿವಗಡವನ್ನು ಹಿಡಿದು ವ್ಯಾಪಾರವೆಲ್ಲ ತಮ್ಮದೆಂದಾಗ ಇಂಗ್ಲಿಷ್ ಏಜೆಂಟ್ ಹಿಂದಿರುಗಿದ. 1801ರಲ್ಲಿ ಕಂಪನಿಯ ಪರವಾಗಿ ನಾಡು ಸುತ್ತಿ ವರದಿ ಬರೆಯುತ್ತಿದ್ದ ಫ್ರಾನ್ಸಿಸ್ ಬುಕಾನನ್ ಈ ಕಡೆ ಬರುವಷ್ಟರಲ್ಲಿ ಹಳೆಯ ಕಾರವಾರ ಪಾಳುಬಿದ್ದಿತ್ತು.

ನಮ್ಮ ಕರಾವಳಿಯಲ್ಲಿ ಬಿಟ್ಟ ಮನೆ ಹೇಗೆ ಹೋಗುತ್ತದೆಂಬುದು ಎಲ್ಲರಿಗೂ ಗೊತ್ತು. ಮೊದಲು ಮಾಡು ಸೋರುತ್ತದೆ, ಪಕಾಸಿಗೆ ಗೆದ್ದಲು ಹತ್ತುತ್ತದೆ, ಒಂದೆರಡು ಮಳೆಗಾಲಕ್ಕೆ ಮಣ್ಣಿನ ಗಾರೆ ಕರಗಿ ಗೋಡೆ ಬಾಯಿ ಬಿಡುತ್ತದೆ. ಆಮೇಲೆ ಚಿರೇಕಲ್ಲುಗಳು ಒಂದೊಂದಾಗಿ ಯಾರದೋ ಬಾವಿಕಟ್ಟೆಗೋ ತೋಟದ ಪಾಗಾರಕ್ಕೋ ಸೇರುತ್ತವೆ. ಹಳೆಯ ಊರಿನ ಕುರುಹು ತೀರ ಕಡಿಮೆ ಎಂದು ಗೆಜೆಟಿಯರ್ ಬರೆದದ್ದರಲ್ಲಿ ಆಶ್ಚರ್ಯವಿಲ್ಲ.

ಹೆಸರಿನ ಗತಿ ಬೇರೆಯೇ ಆಯಿತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದಾಗ, ಅಲ್ಲಿಯವರೆಗೆ ಮೀನುಗಾರರ ಹಳ್ಳಿಯಾಗಿದ್ದ ಕಡಲ ಬದಿಯ ಜಾಗ ಪಟ್ಟಣವಾಗಿ ಬೆಳೆಯಿತು, ಕಾರವಾರವೆಂಬ ಹೆಸರು ಅದರದಾಯಿತು. ಆ ಹೆಸರಿನ ಮೂಲವೆಂದು ಸಾಮಾನ್ಯವಾಗಿ ಹೇಳಲಾಗುವ ಕಡವಾಡ, ತನ್ನ ಹೆಸರಿನೊಂದಿಗೆ ಹಿಂದೆಯೇ ಉಳಿಯಿತು. ಚಿಕಾಗೋದಲ್ಲಿ ನಡೆದದ್ದು ಇದಕ್ಕೆ ತೀರ ಉಲ್ಟಾ. ಸಿಯರ್ಸ್ ಎಂಬ ಚಿಲ್ಲರೆ ವ್ಯಾಪಾರದ ಕಂಪನಿ 1973ರಲ್ಲಿ ಮುಗಿಸಿದ 110 ಅಂತಸ್ತಿನ ತನ್ನ ಮುಖ್ಯ ಕಚೇರಿಯನ್ನು 1990ರ ದಶಕದಲ್ಲಿ ಬಿಟ್ಟು ಹೊರವಲಯಕ್ಕೆ ಹೋಯಿತು, 2009ರಲ್ಲಿ ಕಟ್ಟಡಕ್ಕೆ ವಿಲ್ಲಿಸ್ ಟವರ್ ಎಂಬ ಹೆಸರೂ ಬಂತು. ಆದರೆ ಊರಿನ ಬಹಳ ಮಂದಿಗೆ ಅದು ಇಂದಿಗೂ ಸಿಯರ್ಸ್ ಟವರ್. ಎದುರಿಗೆ ಕಟ್ಟಡ ನಿಂತಿರುವಾಗ ಹಳೆಯ ಹೆಸರನ್ನು ಬಿಡಿಸುವುದು ಕಷ್ಟ.

ಕಾರವಾರಕ್ಕೆ ಹೆಸರಿಡುವುದರಲ್ಲಿ ಜಿಪುಣತನವೇನೂ ಇಲ್ಲ. 1880ರ ದಶಕದ ಆರಂಭದಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದು ಕೆಲಕಾಲ ಇದ್ದುಹೋದ ರವೀಂದ್ರನಾಥ ಟಾಗೋರರ ಹೆಸರು ಕಡಲತೀರಕ್ಕಿದೆ, ಅದು ಸರಿಯಾಗಿಯೇ ಇದೆ. ಕೋಠಿಯನ್ನು ಕಂಪನಿಯ ಹೆಸರಿನಲ್ಲಿ ಮೆರೆಸಬೇಕೆಂದು ನಾನು ಹೇಳುವುದಿಲ್ಲ. ಕೋರ್ಟೀನನ ಹೆಸರಿಗೆ ಇಲ್ಲಿ ಯಾವ ಋಣವೂ ಇಲ್ಲ. ‘ಕಡವಾಡ ಕೋಠಿ’ ಎಂದರೆ ಸಾಕು. ಫಲಕವೊಂದನ್ನು ನಿಲ್ಲಿಸುವುದಾದರೆ ಅದು ಪೇಟೆಯಲ್ಲಲ್ಲ, ಕಡವಾಡದಲ್ಲಿರಬೇಕು. 1638ರ ಪಕ್ಕದಲ್ಲಿ 1752 ಕೂಡ ಇರಬೇಕು. ಸೋದೆಯ ಮೆಣಸು ಬೆಳೆದವರನ್ನೂ ಹುಬ್ಬಳ್ಳಿ ಕಡೆಯ ನೇಕಾರರನ್ನೂ ಕಂಪನಿಗಿಂತ ಮೊದಲ ಸಾಲಿನಲ್ಲಿ ಬರೆಯಬೇಕು.