ಪದ ಪರಿಚಯ: ಪ್ಯಾಕೇಜ್

ಒರಾಕಲ್ ಡೇಟಾಬೇಸ್‌ನಲ್ಲಿ ಒಂದಕ್ಕೊಂದು ಸಂಬಂಧಪಟ್ಟ ಪ್ರೊಸೀಜರ್ (ಒಂದು ಕೆಲಸ ಮಾಡುವ ಕೋಡ್), ಫಂಕ್ಷನ್ (ಲೆಕ್ಕ ಮಾಡಿ ಉತ್ತರ ಕೊಡುವ ಕೋಡ್), ಮೌಲ್ಯ ಹಿಡಿದಿಡುವ ವೇರಿಯೇಬಲ್‌ಗಳನ್ನು ಒಂದೇ ಹೆಸರಿನಡಿ ಕೂಡಿಸಿ ಸರ್ವರ್‌ನಲ್ಲೇ ಇಡುವುದಕ್ಕೆ ಪ್ಯಾಕೇಜ್ ಎನ್ನುತ್ತಾರೆ. ಅದಕ್ಕೆ ಎರಡು ಭಾಗ. ಹೊರಗಿನವರು ಏನೇನು ಕರೆಯಬಹುದೆಂದು ಸಾರುವುದು ಸ್ಪೆಕ್. ಕೆಲಸ ಮಾಡುವ ಕೋಡ್ ಇರುವುದು ಬಾಡಿಯಲ್ಲಿ.

ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ದಲಾಲಿ ಅಂಗಡಿಗೆ ಬಿಲ್ ಸಾಫ್ಟ್‌ವೇರ್ ಬರೆಯುತ್ತಿದ್ದೀರಿ ಎನ್ನಿ. 40 ಚೀಲ, ಒಟ್ಟು 2,440 ಕಿಲೋ. ಖಾಲಿ ಚೀಲ ತಲಾ 1 ಕಿಲೋ ಹಿಡಿದರೆ ನಿವ್ವಳ 2,400 ಕಿಲೋ, ಅಂದರೆ 24 ಕ್ವಿಂಟಲ್. ಈ ಲೆಕ್ಕವನ್ನು ಬಿಲ್ ಸ್ಕ್ರೀನ್, ದಿನದ ವರದಿ, ರೈತರ ಖಾತೆ ಹೀಗೆ ಮೂರು ಕಡೆ ಬರೆದಿದ್ದರೆ, ಚೀಲದ ತೂಕ ಬದಲಾದ ದಿನ ಮೂರನ್ನೂ ತಿದ್ದಬೇಕು. ಒಂದನ್ನು ಮರೆತರೂ ಬಿಲ್ಲಿಗೂ ಖಾತೆಗೂ ತಾಳೆಯಾಗದು. ಬದಲಿಗೆ ‘ಬಿಲ್_ಲೆಕ್ಕ’ ಪ್ಯಾಕೇಜ್ ಮಾಡಿ. ಒಟ್ಟು ತೂಕ, ಚೀಲದ ಸಂಖ್ಯೆ ಪಡೆದು ನಿವ್ವಳ ಕೊಡುವ ಫಂಕ್ಷನ್ ಸ್ಪೆಕ್‌ನಲ್ಲಿರಲಿ. ಚೀಲದ ತೂಕವನ್ನು ಟೇಬಲ್‌ನಿಂದ ಓದುವ ಸಹಾಯಕ ಫಂಕ್ಷನ್ ಬಾಡಿಯಲ್ಲಷ್ಟೇ ಇರಲಿ, ಅದನ್ನು ಹೊರಗಿನವರು ಕರೆಯಲಾಗದು.

ಮೊದಲು ಸ್ಪೆಕ್, ಆಮೇಲೆ ಬಾಡಿ ಕಂಪೈಲ್ ಮಾಡಿ, ಅಂದರೆ ಕೋಡನ್ನು ಡೇಟಾಬೇಸ್ ಓಡಿಸಬಲ್ಲ ರೂಪಕ್ಕೆ ತನ್ನಿ. ಎರಡರಲ್ಲೂ ಫಂಕ್ಷನ್ನಿನ ಹೆಸರು, ಪ್ಯಾರಾಮೀಟರ್‌ಗಳು ಹೊಂದದಿದ್ದರೆ ಪಿಎಲ್‌ಎಸ್-00323 ಎಂಬ ದೋಷ ಬರುತ್ತದೆ. ಯಾವ ಸಾಲಿನಲ್ಲಿ ತಪ್ಪೆಂದು ‘ಶೋ ಎರರ್ಸ್’ ಆದೇಶ ಹೇಳುತ್ತದೆ. ಬಾಡಿಯನ್ನಷ್ಟೇ ತಿದ್ದಿದರೆ, ಈ ಪ್ಯಾಕೇಜನ್ನು ನೆಚ್ಚಿಕೊಂಡ ಬೇರೆ ಕೋಡ್ ಇನ್‌ವ್ಯಾಲಿಡ್ (ಮತ್ತೆ ಕಂಪೈಲ್ ಆಗಬೇಕಾದ ಸ್ಥಿತಿ) ಆಗುವುದಿಲ್ಲ, ಸ್ಪೆಕ್ ತಿದ್ದಿದರೆ ಆಗಬಹುದು. ಆದ್ದರಿಂದ ಸ್ಪೆಕ್ ಬರೆಯುವಾಗಲೇ ಚೆನ್ನಾಗಿ ಯೋಚಿಸಿ, ಮತ್ತೆ ಮತ್ತೆ ಅದನ್ನು ಮುಟ್ಟಬೇಡಿ.

ಎಲ್ಲರನ್ನೂ ಕಾಡುವುದು ಒಆರ್‌ಎ-04068 ಎಂಬ ದೋಷ. ಪ್ಯಾಕೇಜ್ ಮಟ್ಟದ ವೇರಿಯೇಬಲ್‌ನ ಮೌಲ್ಯ ಪ್ರತಿ ಸೆಷನ್‌ಗೂ (ಒಬ್ಬರು ಲಾಗಿನ್ ಆಗಿ ಹೊರಬರುವವರೆಗಿನ ಸಂಪರ್ಕ) ಬೇರೆ, ಸೆಷನ್ ಮುಗಿಯುವವರೆಗೆ ಉಳಿಯುತ್ತದೆ. ಟೆಂಡರ್ ಮುಗಿದು ಗುಮಾಸ್ತರು ಬಿಲ್ ಹೊಡೆಯುತ್ತಿರುವಾಗ ನೀವು ಬಾಡಿ ಕಂಪೈಲ್ ಮಾಡಿದಿರೋ, ಅವರ ಸೆಷನ್‌ನ ಮೌಲ್ಯಗಳು ಅಳಿದು ಮುಂದಿನ ಕರೆಗೆ ಈ ದೋಷ ಬರುತ್ತದೆ. ಮತ್ತೊಮ್ಮೆ ಕರೆದರೆ ಸಾಮಾನ್ಯವಾಗಿ ಓಡುತ್ತದೆ, ಆದರೆ ವೇರಿಯೇಬಲ್‌ಗಳು ಆರಂಭದ ಮೌಲ್ಯಕ್ಕೆ ಮರಳಿರುತ್ತವೆ. ಅಪಾಯ ಇರುವುದೇ ಅಲ್ಲಿ: ಆ ದಿನದ ದರವನ್ನು ವೇರಿಯೇಬಲ್‌ನಲ್ಲಿ ಹಿಡಿದಿಟ್ಟಿದ್ದರೆ ಬಿಲ್ ತಪ್ಪುತ್ತದೆ. ದರವನ್ನು ಟೇಬಲ್‌ನಲ್ಲಿಡಿ. ವೇರಿಯೇಬಲ್ ಬೇಕೇಬೇಕೆಂದರೆ ಅವನ್ನೇ ಒಂದು ಚಿಕ್ಕ ಪ್ಯಾಕೇಜ್ ಮಾಡಿ, ಕಂಪೈಲ್ ಕೆಲಸವನ್ನು ವಹಿವಾಟು ಮುಗಿದ ಮೇಲೆ ಇಟ್ಟುಕೊಳ್ಳಿ.

ಎಲ್ಲವನ್ನೂ ಒಂದೇ ಪ್ಯಾಕೇಜಿಗೆ ತುಂಬುವುದೂ ಸರಿಯಲ್ಲ. ಎಕ್ಸಿಕ್ಯೂಟ್ (ಕರೆದು ಓಡಿಸುವ) ಅನುಮತಿ ಇಡೀ ಪ್ಯಾಕೇಜಿಗೆ ಸಿಗುತ್ತದೆ, ಒಳಗಿನ ಒಂದೊಂದು ಪ್ರೊಸೀಜರ್‌ಗೆ ಬೇರೆ ಬೇರೆ ಕೊಡಲಾಗದು. ಬಿಲ್ ಮಾಡುವ ಗುಮಾಸ್ತರಿಗೆ ದರ ತಿದ್ದುವ ಅಧಿಕಾರ ಬೇಡವೆಂದರೆ ದರದ ಕೆಲಸಕ್ಕೆ ಪ್ರತ್ಯೇಕ ಪ್ಯಾಕೇಜ್ ಬೇಕು.